ತೂಕದ ಕಲ್ಲೇ ಬದಲಾದರೆ...

ನಾನು ಲ್ಯಾಬಿನಲ್ಲಿ ಏನು ಕಡಿದು ಗುಡ್ಡೆ ಹಾಕ್ತೀನಿ ಅಂತ ಬೂದಿಗೆರೆಯಲ್ಲಿರೋ ನಮ್ಮಮ್ಮನಿಗೆ ಬಹಳ ದಿನದ ಅನುಮಾನ. ಕುರಿ ಬೆನ್ನಿನ ಡಿಸ್ಕನ್ನು ಮೆಷಿನ್ನಿಗೆ ಕೊಟ್ಟು ಒತ್ತಿ ನೋಡೋದು ಅಂದರೆ, "ಅದಕ್ಕೆ ಇಷ್ಟು ಓದಬೇಕಾ?" ಅಂತಾಳೆ :)

ಅವಳದೇ ಬೆನ್ನಿನ ವಿಷಯ ಇದು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತೂ ಹೊತ್ತೂ ಸೊಂಟ ಹಿಡಿದುಹೋಗಿದೆ. 1999ರಲ್ಲಿ ಜರ್ಮನಿಯವರು ಒಬ್ಬನ ಡಿಸ್ಕಿನೊಳಗೇ ಸೆನ್ಸರ್ ಇಟ್ಟು ಅಳೆದಿದ್ದರು. ಸುಮ್ಮನೆ ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್. ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3! ಆ ಒತ್ತಡಕ್ಕೆ ಒಳಗಿನ ಜೀವಕೋಶಗಳು ಏನು ಮಾಡ್ತವೆ? ಡಿಸ್ಕಿನಲ್ಲೂ ಕೀಲಿನ ಮೃದ್ವಸ್ಥಿಯಲ್ಲೂ ನೀರು ಹಿಡಿದಿಡೋ ಅಗ್ರಿಕ್ಯಾನ್‌ನ ಜೀನ್ ಹೆಚ್ಚು ಕೆಲಸ ಮಾಡ್ತಿದೆಯಾ, ಕಡಿಮೆಯಾ? ಅದನ್ನ ಆರ್‌ಎನ್‌ಎ ಅಳೆದು ಹೇಳಬೇಕು.

ಒಂದೊಂದು ಸ್ಯಾಂಪಲ್ಲಿನಲ್ಲಿ ಸಿಗೋ ಆರ್‌ಎನ್‌ಎ ಒಂದೊಂದು ಥರ. ಅದಕ್ಕೇ ಏರಿಳಿಯದ ಇನ್ನೊಂದು ಜೀನನ್ನು ಪಕ್ಕದಲ್ಲಿಟ್ಟು ತೂಗ್ತೀವಿ, ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ತೂಗಿದ ಹಾಗೆ. ಇದೇ ರೆಫರೆನ್ಸ್ ಜೀನ್. ಆದರೆ ತೂಕದ ಕಲ್ಲೇ ಹಗುರಾದರೆ?

ಎಲ್ಲರೂ ಕಣ್ಣುಮುಚ್ಚಿ ಹಿಡಿಯೋದು ಬೀಟಾ ಆಕ್ಟಿನ್ ಇಲ್ಲವೇ ಜಿಎಪಿಡಿಎಚ್. ಆಕ್ಟಿನ್ ಅಂದರೆ ಕೋಶದ ಒಳಗಿನ ತೊಲೆ-ಕಂಬ. ಒತ್ತಿದಾಗ ಮೊದಲು ಅಲುಗಾಡೋದೇ ಅದು! ಜಿಎಪಿಡಿಎಚ್ ಸಕ್ಕರೆ ಒಡೆಯೋ ಕಿಣ್ವ. ರಕ್ತನಾಳವೇ ಇಲ್ಲದ, ಆಮ್ಲಜನಕ ಕಮ್ಮಿ ಇರೋ ಈ ಅಂಗಾಂಶಗಳು ಬದುಕೋದೇ ಸಕ್ಕರೆ ಒಡೆದು. ಹಾಗಿರುವಾಗ ಇವು ಸ್ಥಿರ ಅಂತ ಪರೀಕ್ಷಿಸದೆ ನಂಬೋದು ಹೇಗೆ, ನೀವೇ ಹೇಳಿ.

ಪಿಸಿಆರ್‌ನಲ್ಲಿ ಒಂದೊಂದು ಸುತ್ತಿಗೂ ಲೆಕ್ಕ ದುಪ್ಪಟ್ಟು. ಒತ್ತಡದಿಂದ ಆಕ್ಟಿನ್ ಒಂದೇ ಒಂದು ಸುತ್ತಿನಷ್ಟು ಏರಿದರೂ, ಅಲುಗದೆ ಕೂತಿರೋ ಅಗ್ರಿಕ್ಯಾನ್ ಅರ್ಧಕ್ಕೆ ಇಳಿದಂತೆ ಕಾಣುತ್ತೆ. ಇಳಿದರೆ ಉಲ್ಟಾ, "ಹೊರೆ ಹೊರೋದು ಡಿಸ್ಕಿಗೆ ಒಳ್ಳೇದು" ಅಂತ ಬರೆದುಬಿಡಬಹುದು. ಅದನ್ನ ಅಮ್ಮನಿಗೆ ಹೋಗಿ ಹೇಳೋಕಾಗುತ್ತಾ?

2002ರಲ್ಲಿ ಬೆಲ್ಜಿಯಂನ ಗೆಂಟ್‌ನವರು ಒಂದು ದಾರಿ ತೋರಿಸಿದರು. ಹಲವು ಜೀನ್‌ಗಳನ್ನು ಒತ್ತಿದ ಮತ್ತು ಒತ್ತದ ಸ್ಯಾಂಪಲ್ ಎರಡರಲ್ಲೂ ಅಳೆದು, ಪರಸ್ಪರ ಅನುಪಾತ ಕೆಡದವನ್ನು ಆರಿಸಿ, ಕನಿಷ್ಠ ಮೂರರ ಸರಾಸರಿ ಹಿಡಿಯಿರಿ ಅಂತ. 2009ರ ಮಾರ್ಗಸೂಚಿಯೂ ಪುರಾವೆಯಿಲ್ಲದೆ ಒಂದೇ ಜೀನ್ ನಂಬಬೇಡಿ ಅಂತು. ಆದರೂ "ಹಿಂದಿನವರು ಬಳಸಿದ್ದಾರೆ" ಅನ್ನೋ ಸಮಜಾಯಿಷಿ ನಿಂತಿಲ್ಲ ಬಿಡಿ.

ಇಲ್ಲೂ ಒಂದು ತೊಡಕಿದೆ. ಒಂದೇ ಕೆಲಸದ ಎರಡು ಜೀನ್‌ಗಳು ಜೊತೆಜೊತೆಗೇ ಏರಿದರೆ ಅನುಪಾತ ಬದಲಾಗೋದೇ ಇಲ್ಲ, ಇಬ್ಬರು ಸಾಕ್ಷಿಗಳು ಮೊದಲೇ ಮಾತಾಡಿಕೊಂಡು ಬಂದ ಹಾಗೆ. ಅದಕ್ಕೆ ಬೇರೆ ಬೇರೆ ಕೆಲಸದ ಜೀನ್‌ಗಳನ್ನೇ ಪಟ್ಟಿಗೆ ಹಾಕಬೇಕು. ಒತ್ತಡದ ಪ್ರಮಾಣ ಬದಲಾದರೆ ಮತ್ತೆ ಮೊದಲಿಂದ...