ವಿನೋದದ ವಾಹನವೂ ಮಿತದ ವಿವೇಕವೂ

ಸದ್ಭಕ್ತರ ಮನೆಗಳಿಂದ ನಮಗೆ ಬರುವ ಪ್ರಶ್ನೆಗಳು ಬಹುವಿಧವಾದವು. ಲಿಂಗದೀಕ್ಷೆಯ ವಿಧಿ, ಮಕ್ಕಳ ವಿದ್ಯಾಭ್ಯಾಸ, ಹೊಸಮನೆಯ ಪ್ರವೇಶ, ಅಣ್ಣತಮ್ಮಂದಿರ ಆಸ್ತಿಯ ಹಂಚಿಕೆ ಇವೇ ಮೊದಲಾದ ವಿಷಯಗಳಲ್ಲಿ ನಮ್ಮ ಅಭಿಪ್ರಾಯವನ್ನು ಕೇಳುವುದು ರೂಢಿ. ಕೇವಲ ವಿನೋದಕ್ಕಾಗಿ, ಅದೂ ವಾರದ ಕೊನೆಯ ಎರಡು ದಿನ ಓಡಿಸುವುದಕ್ಕಾಗಿ, ಎಂತಹ ಕಾರನ್ನು ಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ಇದುವರೆಗೆ ನಮ್ಮ ಬಳಿ ಬಂದಿರಲಿಲ್ಲ. ಇಂತಹ ಪತ್ರಿಕೆಯಲ್ಲಿ ಇದೇಕೆಂದು ಕೆಲವು ವಾಚಕರಿಗೆ ಅನಿಸಬಹುದು. ಆದರೆ ದುಡಿದ ಹಣವನ್ನು ಒಬ್ಬ ತರುಣನು ಹೇಗೆ ವಿನಿಯೋಗಿಸುತ್ತಾನೆ ಮತ್ತು ಅವನ ತಾಯಿ ರಾತ್ರಿ ನೆಮ್ಮದಿಯಿಂದ ನಿದ್ರಿಸುತ್ತಾಳೆಯೇ ಎಂಬ ವಿಚಾರಗಳು ಧರ್ಮದ ಎಲ್ಲೆಯ ಹೊರಗಿನವಲ್ಲ.

ಆ ಮನೆತನವನ್ನು ನಾವು ಮೂವತ್ತು ವರ್ಷಗಳಿಂದ ಬಲ್ಲೆವು. ಮನೆಯ ಯಜಮಾನರು 2003ರಲ್ಲಿ ಹುಬ್ಬಳ್ಳಿಯ ಸಮೀಪ ಹೆದ್ದಾರಿಯಲ್ಲಿ ನಡೆದ ಅಪಘಾತದಲ್ಲಿ ಲಿಂಗೈಕ್ಯರಾದರು. ಆಗ ಒಬ್ಬನೇ ಮಗನಿಗೆ ಒಂಬತ್ತು ವರ್ಷ. ತಾಯಿ ಶಿಕ್ಷಕಿಯಾಗಿ ದುಡಿದು ಅವನನ್ನು ವೈದ್ಯನನ್ನಾಗಿ ಮಾಡಿದರು. ಈಗ ಆತ ಇಂಗ್ಲೆಂಡಿನ ಮಧ್ಯಭಾಗದ ಒಂದು ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದಾನೆ. ಮನೆಗೆ, ಊರಿನ ಬಡ ವಿದ್ಯಾರ್ಥಿಗಳ ಊಟಕ್ಕೆ ಎಂದು ತಿಂಗಳು ತಿಂಗಳೂ ತೆಗೆದಿಟ್ಟ ಮೇಲೆ ಉಳಿದ ಹಣದಲ್ಲಿ ಒಂದು ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಆಸೆ ಅವನಿಗೆ ಮೂಡಿತು. ಅದನ್ನು ಮುಚ್ಚಿಡದೆ ನಮಗೆ ಪತ್ರ ಬರೆದು, ಇದು ತಪ್ಪೇ, ತಪ್ಪಲ್ಲವಾದರೆ ಯಾವ ಬಗೆಯದನ್ನು ಕೊಳ್ಳಲಿ ಎಂದು ಕೇಳಿದನು. ಅದೇ ವಾರ ತಾಯಿಯೂ ನಮ್ಮಲ್ಲಿಗೆ ಬಂದರು. "ಗುರುಗಳ, ಅವನಪ್ಪ ರಸ್ತೆ ಮ್ಯಾಲೇ ಹೋದ್ರು. ಇವಂಗ ರಸ್ತೆ ಅನ್ನೂದು ಆಟದ ಬಯಲ ಆತೇನ್ರಿ? ಬ್ಯಾಡ ಅಂತ ನೀವೇ ಹೇಳಿಬಿಡ್ರಿ" ಎಂದರು. ಆ ಮಾತಿಗೆ ನಾವು ಒಡನೆಯೇ ಉತ್ತರಿಸಲಿಲ್ಲ.

ಮಠದ ಪಾಠಶಾಲೆಯಲ್ಲಿ ನಮಗೆ ಮೊದಲು ಕಲಿಸಿದ ಶಿಸ್ತೆಂದರೆ ಪೂರ್ವಪಕ್ಷವನ್ನು ಸರಿಯಾಗಿ ತಿಳಿಯುವುದು. ಎದುರಿನವನ ಮಾತನ್ನು ಅವನೇ ತಲೆದೂಗುವಂತೆ ನಿರೂಪಿಸಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲ. ಆದಕಾರಣ ಬೇಕು ಬೇಡಗಳನ್ನು ಹೇಳುವ ಮೊದಲು ಈ ವಾಹನಗಳ ವಿಚಾರವನ್ನು ಅರಿಯಲು ತೊಡಗಿದೆವು. 2024ರ ಬೇಸಿಗೆಯಲ್ಲಿ ಪ್ರವಚನದ ನಿಮಿತ್ತ ಬ್ರಿಟನ್ನಿಗೆ ಹೋಗುವ ಸಂದರ್ಭವೂ ಒದಗಿತು. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ನಮಿಸಿ, ಅಲ್ಲಿಂದ ಆ ತರುಣನ ಮನೆಗೆ ಹೋಗಿ ನಾಲ್ಕು ದಿನ ಇದ್ದೆವು.

ಸ್ಪೋರ್ಟ್ಸ್ ಕಾರೆಂದರೆ ಅತಿವೇಗದ ಕಾರು ಎಂಬುದು ಸಾಮಾನ್ಯ ತಿಳಿವಳಿಕೆ. ಅದರ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಬೇಲಿಗಳ ನಡುವೆ ಹಾವಿನಂತೆ ಹೊರಳುವ ಬ್ರಿಟನ್ನಿನ ಕಿರಿದಾದ ಹಳ್ಳಿಯ ರಸ್ತೆಗಳಿಗಾಗಿ ಅಲ್ಲಿಯ ಜನ ಎರಡೇ ಆಸನಗಳ, ಮೇಲ್ಛಾವಣಿ ತೆರೆಯುವ, ಹಗುರವಾದ ಚಿಕ್ಕ ಕಾರುಗಳನ್ನು ರೂಪಿಸಿದರು. ಎಂ.ಜಿ. ಕಂಪನಿಯ ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು. ಅದೇ 1962ರಲ್ಲಿ ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್‌ಮನ್ನರು ಹೊರತಂದ ಎಲಾನ್ ಎಂಬ ಕಾರಿನ ತೂಕ 700 ಕಿಲೋದೊಳಗೇ ಇತ್ತು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ವಾಹನದ ಭಾರವನ್ನು ಇಳಿಸುವುದೇ ಮೇಲೆಂಬುದು ಅವರ ಸಿದ್ಧಾಂತವಾಗಿತ್ತು. ಕಾಲಾನಂತರದಲ್ಲಿ ಬ್ರಿಟನ್ನಿನಲ್ಲಿ ಈ ಬಗೆಯ ಕಾರುಗಳು ವಿರಳವಾದಾಗ, ಜಪಾನಿನ ಮಾಜ್ದಾ ಕಂಪನಿಯು ಅದೇ ಪಾಕವನ್ನು ಹೊಸ ಪಾತ್ರೆಯಲ್ಲಿ ಬೇಯಿಸಿ 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಎಂಎಕ್ಸ್-5 ಎಂಬ ಕಾರನ್ನು ಲೋಕಕ್ಕೆ ತೋರಿತು. 2016ರ ಏಪ್ರಿಲಿನ ವೇಳೆಗೆ ಅಂತಹ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಅದನ್ನು ರೂಪಿಸಿದವರು ಮುಂದಿಟ್ಟುಕೊಂಡ ಆದರ್ಶಕ್ಕೆ ಜಪಾನೀ ಭಾಷೆಯಲ್ಲಿ ಜಿನ್ಬಾ ಇಟ್ಟಾಯ್ ಎಂದು ಹೆಸರು. ಸವಾರನೂ ಕುದುರೆಯೂ ಒಂದೇ ದೇಹವಾಗುವುದು ಎಂದು ಅದರ ಅರ್ಥ.

ಹಗುರವಾದ ವಾಹನ ಏಕೆ ಸುಖಕರವೆಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಿಲ್ಲ. ಭಾರವಾದುದನ್ನು ಓಡಿಸುವುದೂ ಕಷ್ಟ, ತಿರುಗಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ತುಂಬಿದ ಚಕ್ಕಡಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಿದ ಒಕ್ಕಲಿಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ವಾಚಕರಲ್ಲಿ ಹಲವರು ಬಲ್ಲ ಮಾರುತಿ 800 ಕಾರಿನ ಎಂಜಿನ್ 796 ಸಿ.ಸಿ. ಗಾತ್ರದ್ದು. ಬ್ರಿಟನ್ನಿನ ಕೇಟರ್‌ಹ್ಯಾಮ್ ಎಂಬ ಚಿಕ್ಕ ಕಂಪನಿ 2021ರಲ್ಲಿ ಪ್ರಕಟಿಸಿದ ಸೆವೆನ್ 170 ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದುದು ಅದಕ್ಕಿಂತಲೂ ಚಿಕ್ಕದಾದ, 660 ಸಿ.ಸಿ.ಯ ಸುಜುಕಿ ಎಂಜಿನ್. ಶಕ್ತಿ 84 ಅಶ್ವಶಕ್ತಿ, ತೂಕ 440 ಕಿಲೋ ಮಾತ್ರ. ಇಷ್ಟು ಅಲ್ಪವಾದ ಯಂತ್ರವೂ ಬಲ್ಲವರಿಗೆ ಪೂರ್ಣವಾದ ಸುಖವನ್ನು ಕೊಡಬಲ್ಲದೆಂಬುದನ್ನು ತಿಳಿದಾಗ, ಈ ವಿದ್ಯೆಯಲ್ಲಿಯೂ ಅಪರಿಗ್ರಹಕ್ಕೆ ಒಂದು ಸ್ಥಾನವುಂಟೆಂದು ನಮಗೆ ಅನಿಸಿತು.

ತರುಣನ ಮನಸ್ಸಿನಲ್ಲಿ ಎರಡು ಕಾರುಗಳಿದ್ದವು. ಎರಡೂ ಬೇರೆಯವರು ಬಳಸಿದವು, ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದವು. ಒಂದು 400 ಅಶ್ವಶಕ್ತಿಯ ಹಳೆಯ ಕಾರು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಅದಕ್ಕೆ ನಾಲ್ಕೂವರೆ ಸೆಕೆಂಡು ಸಾಕು. ಇನ್ನೊಂದು 2016ರಲ್ಲಿ ತಯಾರಾದ ಎಂಎಕ್ಸ್-5. ಅದರ ಎಂಜಿನ್ ಒಂದೂವರೆ ಲೀಟರಿನದು, ಶಕ್ತಿ ಸುಮಾರು 130, ತೂಕ ಸಾವಿರ ಕಿಲೋದ ಆಸುಪಾಸು. ಅದೇ ವೇಗಕ್ಕೆ ಇದು ಎಂಟು ಸೆಕೆಂಡುಗಳಿಗಿಂತ ತುಸು ಹೆಚ್ಚು ಕಾಲವನ್ನು ತೆಗೆದುಕೊಳ್ಳುತ್ತದೆ. ಮೊದಲನೆಯದರತ್ತ ಅವನ ಮನಸ್ಸು ವಾಲಿತ್ತು. "ಅಷ್ಟೇ ಹಣಕ್ಕೆ ಮೂರು ಪಟ್ಟು ಶಕ್ತಿ ಸಿಗುವುದಲ್ಲವೇ, ಗುರುಗಳೇ?" ಎಂದು ಅವನು ಕೇಳಿದನು. ಓಡಿಸುವ ರಸ್ತೆಯನ್ನು ಮೊದಲು ನೋಡೋಣ ಎಂದೆವು.

ಬಕ್ಸ್‌ಟನ್ ಮತ್ತು ಮ್ಯಾಕಲ್ಸ್‌ಫೀಲ್ಡ್ ಎಂಬ ಊರುಗಳ ನಡುವೆ ಬೆಟ್ಟದ ಮೇಲೆ ಹಾಯುವ ಎ-537 ಎಂಬ ರಸ್ತೆಯುಂಟು. ಕ್ಯಾಟ್ ಅಂಡ್ ಫಿಡಲ್ ಎಂದು ಅದಕ್ಕೆ ಹೆಸರು. ವಾಹನಪ್ರಿಯರು ದೂರದಿಂದ ಅದನ್ನು ಅರಸಿ ಬರುತ್ತಾರೆ. ಅಪಘಾತಗಳಿಗೂ ಅದು ಕುಖ್ಯಾತವಾದುದು. ಅಲ್ಲಿಯ ವೇಗಮಿತಿ ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್. ಎರಡು ಬಿಂದುಗಳ ನಡುವಣ ಸರಾಸರಿ ವೇಗವನ್ನು ಅಳೆಯುವ ಕ್ಯಾಮೆರಾಗಳಿವೆ. ಎರಡೂ ಕಾರುಗಳಲ್ಲಿ, ಒಂದಾದ ಮೇಲೊಂದರಂತೆ, ತರುಣನ ಪಕ್ಕದಲ್ಲಿ ಕುಳಿತು ನಾವು ಆ ದಾರಿಯಲ್ಲಿ ಹೋದೆವು. ದೊಡ್ಡ ಕಾರು ಕ್ಷಣಮಾತ್ರದಲ್ಲಿ ಮಿತಿಯನ್ನು ಮುಟ್ಟಿತು. ಮುಂದೆ ಅವನಿಗೆ ಉಳಿದದ್ದು ಅದನ್ನು ತಡೆದು ಹಿಡಿಯುವ ಕೆಲಸ ಮಾತ್ರ. ಕಟ್ಟಿಹಾಕಿದ ಮದ್ದಾನೆಯ ಪಕ್ಕದಲ್ಲಿ ಕುಳಿತಂತೆ ನಮಗಾಯಿತು. ಚಿಕ್ಕ ಕಾರಿನಲ್ಲಾದರೋ ಅವನ ಕೈಗೂ ಕಾಲಿಗೂ ಬಿಡುವಿರಲಿಲ್ಲ. ಗೇರ್ ಬದಲಿಸುವುದು, ತಿರುವನ್ನು ಅಳೆಯುವುದು, ಏರಿನಲ್ಲಿ ಎಂಜಿನ್ನಿನ ದನಿಯನ್ನು ಆಲಿಸುವುದು ಎಲ್ಲವೂ ಆ ಮಿತಿಯೊಳಗೇ ನಡೆದವು. ಮೇಲೆ ಆಕಾಶ ತೆರೆದಿತ್ತು, ಹುಲ್ಲಿನ ವಾಸನೆ ಬರುತ್ತಿತ್ತು. ಒಂದು ತಿರುವಿನಾಚೆ ಕುರಿಯೊಂದು ರಸ್ತೆಯಂಚಿಗೆ ಬಂದು ನಿಂತಿತ್ತು. ಅವನು ನಿಧಾನವಾಗಿ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿದನು. ಆಗ ಅವನ ಮುಖದಲ್ಲಿ ಕಂಡ ನಗೆಯನ್ನು ದೊಡ್ಡ ಕಾರಿನಲ್ಲಿ ನಾವು ಕಂಡಿರಲಿಲ್ಲ.

ಆ ದಿನ ಸಂಜೆ ಅವನೇ ಬ್ರಿಟನ್ನಿನ ಸರ್ಕಾರಿ ಚಾಲನಾ ಕೈಪಿಡಿಯನ್ನು ನಮಗೆ ತೋರಿಸಿದನು. ಗಂಟೆಗೆ 30 ಮೈಲಿ ವೇಗದಲ್ಲಿರುವ ಕಾರು ಬ್ರೇಕ್ ಹಾಕಿದ ಮೇಲೆ 14 ಮೀಟರಿನಲ್ಲಿ ನಿಲ್ಲುತ್ತದೆ. 60 ಮೈಲಿ ವೇಗದಲ್ಲಾದರೆ 55 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಚಾಲಕನು ಅಪಾಯವನ್ನು ಕಂಡು ಕಾಲನ್ನು ಊರುವುದರೊಳಗೆ ಸಾಗುವ ದೂರ ಇದಕ್ಕೆ ಹೊರತು. ಅದನ್ನೂ ಕೂಡಿಸಿದರೆ 23 ಮೀಟರ್ ಮತ್ತು 73 ಮೀಟರ್ ಆಗುತ್ತದೆ. ಕಣ್ಣಿಗೆ ನಿರಾತಂಕವಾಗಿ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವ ವೇಗದಲ್ಲಿಯೇ ಓಡಿಸಬೇಕೆಂಬುದು ಅದೇ ಕೈಪಿಡಿಯ ನಿಯಮ. ಕಾಣದ ತಿರುವಿನ ಆಚೆ ಕುರಿಯಿರಬಹುದು, ಸೈಕಲ್ಲಿನ ಬಾಲಕನಿರಬಹುದು. ರಸ್ತೆ ಸರ್ವರದು. ಅಲ್ಲಿ ಒಬ್ಬನ ವಿನೋದಕ್ಕೆ ಇನ್ನೊಬ್ಬನ ಪ್ರಾಣವನ್ನು ಪಣವಾಗಿಡುವ ಅಧಿಕಾರ ಯಾರಿಗೂ ಇಲ್ಲ.

ಆಗ ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಯಿತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ಶರಣೆ ಹಿಗ್ಗದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕೆಟ್ಟದ್ದೆಂದು ಅಲ್ಲ, ಬೇಕಾದುದಕ್ಕಿಂತ ಮಿಗಿಲಾದುದು ಕಾಯಕದ ಶುದ್ಧಿಯನ್ನು ಕೆಡಿಸುತ್ತದೆ ಎಂಬ ಕಾರಣಕ್ಕೆ. ಸಾರ್ವಜನಿಕ ರಸ್ತೆಯಲ್ಲಿ ಎಂದಿಗೂ ಬಳಸಲಾಗದ ಅಶ್ವಶಕ್ತಿಯೂ ಅಂತಹ ಮಿಗಿಲಾದ ಅಕ್ಕಿಯೇ. ಅದು ಸುಮ್ಮನೆ ಮೂಲೆಯಲ್ಲಿ ಕುಳಿತಿರುವುದಿಲ್ಲ. ಬಳಸು ಬಳಸೆಂದು ಒಡೆಯನನ್ನು ಅನುದಿನವೂ ಕೆಣಕುತ್ತದೆ. ಕಾನೂನಿನ ಮಿತಿಯೊಳಗೆ ತನ್ನ ಸಾಮರ್ಥ್ಯದ ಬಹುಭಾಗವನ್ನು ಒಪ್ಪಿಸುವ ಕಾರು ಯಾವುದೋ ಅದೇ ರಸ್ತೆಗೆ ತಕ್ಕ ವಿನೋದದ ಕಾರು. ನಾವು ತರುಣನಿಗೆ ಹೇಳಿದುದು ಇಷ್ಟೇ. ಇದನ್ನೂ ಮೀರಿದ ವೇಗದ ಹಂಬಲವಿದ್ದರೆ ಡಾನಿಂಗ್ಟನ್ ಪಾರ್ಕಿನಂತಹ ಓಟದ ಪಥಗಳಿವೆ. ಅಲ್ಲಿ ಎದುರಿನಿಂದ ವಾಹನ ಬರುವುದಿಲ್ಲ, ಕುರಿಯೂ ಅಡ್ಡಬರುವುದಿಲ್ಲ. ಸಾಮಾನ್ಯ ವಿಮೆ ಅಲ್ಲಿಗೆ ಅನ್ವಯಿಸದಿರುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕಷ್ಟೆ.

ಬಳಸಿದ ಕಾರನ್ನು ಕೊಳ್ಳುವಾಗ ಪರೀಕ್ಷಿಸಬೇಕಾದುದನ್ನು ಅವನು ಚೆನ್ನಾಗಿ ಅಭ್ಯಸಿಸಿದ್ದನು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷವೂ ಎಂ.ಓ.ಟಿ. ಎಂಬ ಕಡ್ಡಾಯ ತಪಾಸಣೆಯುಂಟು. ಹಿಂದಿನ ವರ್ಷಗಳ ಫಲಿತಾಂಶಗಳನ್ನು ಯಾರಾದರೂ ನೋಡಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ. ವಾರಕ್ಕೆರಡು ದಿನ ಮಾತ್ರ ಓಡುವ ಕಾರಿನ ಟೈರು ಸವೆಯದೆಯೇ ಮುದಿಯಾಗಬಹುದಾದ್ದರಿಂದ ಇದನ್ನು ನೋಡಲೇಬೇಕು. ತೆರೆಯುವ ಛಾವಣಿಯ ಹಳೆಯ ಕಾರುಗಳಲ್ಲಿ ಮಳೆನೀರು ಹರಿದುಹೋಗುವ ರಂಧ್ರಗಳು ಕಟ್ಟಿಕೊಂಡರೆ ಬಾಗಿಲ ಕೆಳಗಿನ ಲೋಹ ತುಕ್ಕು ಹಿಡಿಯುತ್ತದೆ. ಇನ್ನು ಅಲ್ಲಿಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಮೊದಲ ಬಾರಿಗೆ ಪರವಾನಗಿ ಪಡೆದವರು ಎರಡು ವರ್ಷದೊಳಗೆ ಆರು ದಂಡದ ಅಂಕಗಳನ್ನು ಗಳಿಸಿದರೆ ಪರವಾನಗಿಯೇ ರದ್ದಾಗುತ್ತದೆ. ತರುಣನು ಇನ್ನೂ ಆ ಅವಧಿಯೊಳಗೇ ಇದ್ದನು.

ಇಂತಹ ಭೋಗವೇ ಏಕೆ ಬೇಕೆಂದು ಹಿರಿಯರು ಕೇಳಬಹುದು. ನಮ್ಮ ಶರಣರು ದೇಹವನ್ನು ದಂಡಿಸುವುದನ್ನು ಧರ್ಮವೆಂದು ಬೋಧಿಸಲಿಲ್ಲ. ಅರ್ಪಿಸಿ ಸ್ವೀಕರಿಸಿದ ಪದಾರ್ಥ ಪ್ರಸಾದವಾಗುತ್ತದೆಂದು ತಿಳಿಸಿದರು. ಸತ್ಯಶುದ್ಧವಾಗಿ ದುಡಿದು, ದಾಸೋಹಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದವನು ಬೆಟ್ಟದ ಗಾಳಿಯಲ್ಲಿ ಒಂದು ಗಂಟೆ ಸಂತೋಷಪಟ್ಟರೆ ಅದರಲ್ಲಿ ಪಾಪವಿಲ್ಲ. ತೋರಿಕೆಯ ವಿಚಾರ ಬೇರೆ. ನೋಡುವವರು ಯಾರೂ ಇಲ್ಲದ ನಸುಕಿನಲ್ಲಿಯೂ ಅದೇ ಕಾರು ಅಷ್ಟೇ ಸುಖವನ್ನು ಕೊಡುವುದೇ ಎಂದು ಕೊಳ್ಳುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ನಮ್ಮ ನಾಡಿನಲ್ಲಿ ಊರ ಓಣಿಗೆ ಹಿಡಿಸದ ಗಾತ್ರದ ವಾಹನವನ್ನು ಸಾಲ ಮಾಡಿ ತರುವ ಮನೆಗಳೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು.

ಊರಿಗೆ ಮರಳಿದ ಮೇಲೆ ಆ ತಾಯಿಯನ್ನು ಕಂಡೆವು. ಅವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿರಲಿಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ; ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಕಾರಣ ಅತಿವೇಗ. ಇದನ್ನು ಬಲ್ಲೆವಾದ್ದರಿಂದಲೇ, ನಾವು ಅವನಿಗೆ ಬೇಡವೆನ್ನಲಿಲ್ಲ, ಮಿತವನ್ನು ಹೇಳಿದೆವು ಎಂದು ತಿಳಿಸಿದೆವು. ಬೇಡವೆಂದರೆ ಅವನು ನಮ್ಮ ಎದುರಿಗೆ ವಿಧೇಯನಾಗಿ, ಮುಂದೊಂದು ದಿನ ತಾಯಿಗೆ ಹೇಳದೆಯೇ ಆ ದೊಡ್ಡ ಕಾರನ್ನು ಕೊಂಡಾನು. ಹೇಳಿ ಕೇಳುವ ಮಗನು ಹೇಳದೆ ಮಾಡುವ ಮಗನಾಗುವುದು ಯಾವ ಕಾರಿಗಿಂತಲೂ ಅಪಾಯಕರ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಸಣ್ಣದs ತಗೊಂಡಾನಲ್ರಿ?" ಎಂದು ಕೇಳಿದರು. ಹೌದೆಂದೆವು.

ಅವನು ಎಂಎಕ್ಸ್-5ನ್ನೇ ಕೊಂಡನು. ಮಂಜು ಬಿದ್ದ ದಿನ, ರಾತ್ರಿಪಾಳಿ ಮುಗಿಸಿ ಬಂದ ದಿನ ಅದನ್ನು ಮುಟ್ಟುವುದಿಲ್ಲವೆಂದು ತಾನಾಗಿಯೇ ನಿಯಮ ಮಾಡಿಕೊಂಡಿದ್ದಾನೆ. ಬೆಟ್ಟಕ್ಕೆ ಹೊರಡುವ ಮುನ್ನ ಒಮ್ಮೆ, ಮನೆಗೆ ಮರಳಿದ ಮೇಲೆ ಒಮ್ಮೆ ತಾಯಿಗೆ ಫೋನ್ ಮಾಡುತ್ತಾನೆ. ಕಳೆದ ಬೇಸಿಗೆಯಲ್ಲಿ ತಾಯಿ ಅಲ್ಲಿಗೆ ಹೋಗಿದ್ದರು. ಆ ಕಾರಿಗೆ ವಿಭೂತಿಯನ್ನು ಹಚ್ಚಿದರು, ಆದರೆ ಅದರಲ್ಲಿ ಕುಳಿತುಕೊಳ್ಳಲು ಇನ್ನೂ ಒಪ್ಪಿಲ್ಲ. ನಾವೂ ಒತ್ತಾಯಿಸಿಲ್ಲ. ಮಗನಿಗೆ ಅವನ ಮಿತದ ಸುಖವಿರುವಂತೆ, ತಾಯಿಗೆ ಆಕೆಯ ನಿಧಾನವಿರಲಿ.