ಹಲ್ಲು ಮತ್ತು ಹೆಜ್ಜೆ
ಮುಂಬಯಿಯ ರಾತ್ರಿಶಾಲೆಯೊಂದರಲ್ಲಿ ಕನ್ನಡ ಕಲಿಸಿದ ಆ ಹಿರಿಯರು, ಮುಪ್ಪನ್ನು ಕುರಿತ ಬಸವಣ್ಣನವರ ವಚನದಲ್ಲಿ ಬರುವ ಉದುರಿದ ಹಲ್ಲನ್ನೂ ಊರುವ ಕೋಲನ್ನೂ ಬೇರೆ ಬೇರೆ ಲಕ್ಷಣಗಳೆಂದೇ ವಿವರಿಸುತ್ತಿದ್ದರು. ಎಪ್ಪತ್ತರ ಹೊತ್ತಿಗೆ ಅವರ ಒಸಡಿನಿಂದ ರಕ್ತ ಜಿನುಗಿತು, ಹಲ್ಲುಗಳು ಒಂದೊಂದಾಗಿ ಬಿದ್ದವು, ವಯೋಸಹಜವೆಂದು ಸುಮ್ಮನಾದರು. ಶಕಾರ-ಸಕಾರಗಳ ಭೇದವನ್ನು ಜೀವಮಾನವಿಡೀ ತಿದ್ದಿದವರ ಬಾಯಲ್ಲೇ ಆ ಭೇದ ಅಳಿಸಿತು. ಬಳಿಕ ಹೆಜ್ಜೆ ಗಿಡ್ಡವಾಯಿತು. ಮಾಟುಂಗಾ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಕಂಡರೆ ಅಂಜಿಕೆ. ಮೊಣಕಾಲಿಗೆ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಎರಡು ವರ್ಷ ಹಾಗೆಯೇ ಕಳೆಯಿತು. ಎಂ.ಆರ್.ಐ. ತೋರಿಸಿದ್ದೇ ಬೇರೆ: ಮಿದುಳಿನ ಕಿರುರಕ್ತನಾಳಗಳು ಕೆಟ್ಟು, ನಡಿಗೆಯನ್ನು ಹದದಲ್ಲಿಡುವ ನರತಂತುಗಳು ಹಾನಿಗೊಂಡಿದ್ದವು. ಇದಕ್ಕೆ ಮುಖ್ಯ ಕಾರಣ ರಕ್ತದೊತ್ತಡವೇ. ಆದರೆ ಒಸಡಿನ ಹಳೆಯ ಉರಿಯೂತಕ್ಕೂ ರಕ್ತನಾಳದ ರೋಗಕ್ಕೂ ನಂಟು ಕಂಡುಬಂದಿದೆ, ಕಾರ್ಯಕಾರಣ ಸಂಬಂಧ ಇನ್ನೂ ಸಿದ್ಧಪಟ್ಟಿಲ್ಲ. "ವಚನ ಎರಡನ್ನೂ ಒಟ್ಟಿಗೇ ಹೇಳಿತ್ತಲ್ಲ" ಎಂದು ಅವರು ನಕ್ಕರು. ಹೊಸದಾಗಿ ಕಟ್ಟಿಸಿಕೊಂಡ ಹಲ್ಲುಗಳಲ್ಲಿ ಶಕಾರ ಇನ್ನೂ ಪಳಗಿರಲಿಲ್ಲ.