ಆ ನಲ್ಲಿ ತಿರುಗಿಸಿ ಸಾರ್

ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಬಂದು ತ್ಯಾವರೆಕೊಪ್ಪದಲ್ಲಿ ಬಸ್ಸಿಳಿಯುತ್ತೀರಿ. ರಾತ್ರಿಯೆಲ್ಲ ತಲೆ ಕೊರೆದ ಮಾತು ಇಲ್ಲಿಗೂ ಜೊತೆಗೆ ಬಂದಿದೆ: ಕೊನೆಗೆ ಸಾಯೋದೇ ಆದರೆ ಈ ಓದು, ಕೆಲಸ, ಸಾಲದ ಕಂತು ಎಲ್ಲ ಯಾಕೆ?

ಜಾಲರಿ ಕಿಟಕಿಯ ವ್ಯಾನು ಹತ್ತಿ ಕೂರುತ್ತೀರಿ. ಇದು 1988ರಲ್ಲಿ ಶುರುವಾದ ಹುಲಿ-ಸಿಂಹ ಧಾಮ. ಬಿದಿರು ಮೆಳೆಯ ನೆರಳಲ್ಲಿ ಮಲಗಿದ ಹುಲಿ ಕಿವಿಯನ್ನಷ್ಟೇ ಅಲುಗಿಸುತ್ತದೆ. "ಅಪ್ಪಾ, ನನ್ನೇ ನೋಡ್ತು!" ಎಂದು ಮುಂದಿನ ಸೀಟಿನ ಹುಡುಗಿ ಕುಣಿಯುತ್ತಾಳೆ. ನಿಮಗೆ ಏನೂ ಅನ್ನಿಸುವುದಿಲ್ಲ.

ವ್ಯಾನಿಳಿದು ನಡೆಯುತ್ತೀರಿ. ಕಾಡಿಗೆ ಮರಳಲಾಗದ ಚಿರತೆಗಳಿಗೂ ಇಲ್ಲೇ ಆಸರೆ. ಒಂದು ಚಿರತೆಯ ಬೋನಿನ ಹೊರಗೆ ಪಾಲಕರೊಬ್ಬರು ಪೈಪು ಬಿಚ್ಚುತ್ತಿದ್ದಾರೆ.

"ಇದು ಇನ್ನು ಕಾಡಿಗೆ ಹೋಗಲ್ವಾ?"

"ಇಲ್ಲ ಸಾರ್."

"ಮತ್ತೆ ಸಾಕಿ ಏನು ಪ್ರಯೋಜನ?"

ಅವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. "ಹಸಿವಾಗುತ್ತಲ್ಲ ಸಾರ್ ಅದಕ್ಕೆ."

ಆ ಮಾತಿಗೆ ಇದೇ ಜಿಲ್ಲೆಯ ಬಳ್ಳಿಗಾವಿಯ ವಚನಕಾರ ಅಲ್ಲಮ ನೆನಪಾಗುತ್ತಾನೆ. ಹರಿಹರನ ರಗಳೆಯಲ್ಲಿ, ತಾನು ಒಲಿದ ಕಾಮಲತೆ ಜ್ವರದಿಂದ ತೀರಿಹೋದ ಮೇಲೆ ಈ ಮದ್ದಳೆಗಾರನಿಗೆ ಲೋಕವೇ ಬರಿದು. ಮರುಳನಂತೆ ಅಲೆದು, ತೋಟವೊಂದರಲ್ಲಿ ಕೂತು, ಸುಮ್ಮನೆ ಕಾಲುಗುರಿನಿಂದ ನೆಲ ಕೆದಕುತ್ತಾನೆ. ಮಣ್ಣಿನಡಿ ಹೊನ್ನ ಕಳಸ ಕಾಣುತ್ತದೆ. ಅಗೆಸಿದರೆ ದೇಗುಲ, ಒಳಗೆ ಗುರು ಅನಿಮಿಷ. ಈ ಕಥೆಯಲ್ಲಿ ಕಳಸಕ್ಕಿಂತ ದೊಡ್ಡದು ಆ ಕಾಲುಗುರು. ಕೆಳಗೇನೋ ಇದೆಯೆಂಬ ನಂಬಿಕೆ ಅವನಿಗಿರಲಿಲ್ಲ. ದುಃಖ ಇಳಿದಿರಲಿಲ್ಲ. ಆದರೂ ಕಾಲು ಆಡುತ್ತಿತ್ತು. ಮುಂದೆಯೂ ಅಲ್ಲಮ ಬರಿದಿಗೆ ಬೆನ್ನು ತಿರುಗಿಸಲಿಲ್ಲ. ಶರಣರ ಕಲ್ಯಾಣದಲ್ಲಿ ಅವನು ಏರಿದ್ದು ಶೂನ್ಯ ಸಿಂಹಾಸನವನ್ನೇ. ಉತ್ತರ ಸಿಕ್ಕಿದ ಮೇಲೆ ಬದುಕುತ್ತೇನೆ ಎಂದು ಕಾದು ಕೂತವರಿಗೆ ಈ ಜಿಲ್ಲೆಯವನೊಬ್ಬ ಎಂಟುನೂರು ವರ್ಷಗಳ ಹಿಂದೆಯೇ ಬೇರೆ ದಾರಿ ತುಳಿದು ತೋರಿಸಿದ್ದಾನೆ.

ಚಿರತೆ ಎದ್ದು ಮೈ ಮುರಿಯುತ್ತದೆ. ಪಾಲಕರು ಪೈಪಿನ ತುದಿಯನ್ನು ನೀರಿನ ತೊಟ್ಟಿಯತ್ತ ಎಳೆದೊಯ್ಯುತ್ತಾರೆ. ನಲ್ಲಿ ನಿಮ್ಮ ಪಕ್ಕದಲ್ಲೇ ಇದೆ.

"ಆ ನಲ್ಲಿ ಸ್ವಲ್ಪ ತಿರುಗಿಸಿ ಸಾರ್."

ತುಕ್ಕು ಹಿಡಿದ ನಲ್ಲಿ, ಬಿಗಿಯಾಗಿದೆ. ಎರಡೂ ಕೈ ಹಾಕುತ್ತೀರಿ. ಪೈಪು ಉಬ್ಬಿ ಅಲುಗುತ್ತದೆ.

"ಬಂತಾ?" ಎಂದು ಕೂಗುತ್ತೀರಿ.

"ಸಾಕಾಗಲ್ಲ, ಇನ್ನೂ ಬಿಡಿ!"